ಶುಕ್ರವಾರದ ಕ್ಯಾಸೆಟ್

ಶುಕ್ರವಾರ ಮಧ್ಯಾಹ್ನ ಊಟದ ತಟ್ಟೆಗಳನ್ನು ಎತ್ತಿಟ್ಟ ಮೇಲೆ ಶೋಶಮ್ಮನ ಅತ್ತೆ ಮಾತಿಗೆ ಕೂರುತ್ತಿದ್ದರು. ಸೊಸೆ ಇದ್ದದ್ದು ಮಸ್ಕತ್ತಿನ ರೂವಿಯಲ್ಲಿ, ಅತ್ತೆ ಇದ್ದದ್ದು ಕೇರಳದ ಕುಟ್ಟನಾಡಿನಲ್ಲಿ. ನಡುವೆ ಇಡೀ ಒಂದು ಸಮುದ್ರ. ಆದರೂ ಟೇಪ್ ರೆಕಾರ್ಡರಿನ ಗುಂಡಿ ಒತ್ತಿದರೆ ಸಾಕು, ಮನೆಯವರೆಲ್ಲ ಅಮ್ಮಚ್ಚಿ ಎಂದು ಕರೆಯುತ್ತಿದ್ದ ಅತ್ತೆ ಸೀದಾ ಒಳಗೆ ಬಂದು ಮನೆಯ ತುಂಬ ಓಡಾಡುತ್ತಿದ್ದರು.

"ಈಪ್ಪಾ, ಕೇಳಿಸ್ತಾ ಇದೆಯೇನೋ." ಅವರ ಮಾತು ಯಾವಾಗಲೂ ಹೀಗೇ ಶುರು.

"ಪಕ್ಕದ ಬಿಲ್ಡಿಂಗಿಗೂ ಕೇಳಿಸ್ತಾ ಇದೆ," ಎಂದಳು ಶೋಶಮ್ಮ. ಈಚೆಗೆ ಅತ್ತೆಯ ದನಿ ಒಂದು ಪಟ್ಟು ಜೋರಾಗಿತ್ತು. ಅವಳ ಗಂಡ ಈಪ್ಪನ್ ಸುಮ್ಮನಿರು ಎಂಬಂತೆ ಕೈ ಎತ್ತಿದ.

"ನಿನ್ನ ಹೆಂಡ್ತಿ ಹೇಗಿದ್ದಾಳೆ? ಇನ್ನೂ ಅದೇ ಉಪ್ಪಿಲ್ಲದ ಮೀನು ಸಾರು ಮಾಡಿ ಹಾಕ್ತಾಳಾ?"

ಶೋಶಮ್ಮ ಟಕ್ಕೆಂದು ಟೇಪು ನಿಲ್ಲಿಸಿದಳು. "ಉಪ್ಪು ಕಮ್ಮಿ ಮಾಡಿ ಅಂತ ನಿಮ್ಮ ಮಗನಿಗೆ ಡಾಕ್ಟ್ರು ಹೇಳಿದ್ದು ಅಮ್ಮಚ್ಚಿ. ನಾನೇನು ಉಪ್ಪಿಗೆ ಬಡತನ ಬಂದು ಹಾಕದೆ ಇದ್ದೀನಾ?" ಎಂದು ಯಂತ್ರಕ್ಕೆ ಹೇಳಿ, ಮತ್ತೆ ಗುಂಡಿ ಒತ್ತಿದಳು.

ಮಗಳು ಲಿಜಿಗೆ ನಗು. "ಅಮ್ಮಾ, ನೀನು ಹೇಳಿದ್ದು ಅಮ್ಮಚ್ಚಿಗೆ ಕೇಳಿಸಲ್ಲ."

"ಕೇಳಿಸದೇ ಇರಲಿ ಅಂತಲೇ ನಿಲ್ಲಿಸಿ ಹೇಳೋದು."

ಎರಡು ಕ್ಯಾಸೆಟ್ ಇದ್ದವು. ಒಂದು ಹೋಗುತ್ತಿದ್ದರೆ ಇನ್ನೊಂದು ಬರುತ್ತಿತ್ತು. ಊರಿಗೆ ರಜೆಗೆ ಹೋಗುವವರ ಕೈಯಲ್ಲಿ ಕಳಿಸುವುದು, ಬರುವವರ ಕೈಯಲ್ಲಿ ತರಿಸುವುದು. ಅಮ್ಮಚ್ಚಿಯ ಮಾತು ಮುಗಿದ ಮೇಲೆ ಅದೇ ಕ್ಯಾಸೆಟ್ಟಿನಲ್ಲಿ, ಅದೇ ಮಾತಿನ ಮೇಲೆ, ಇವರ ಉತ್ತರ ತುಂಬುವುದು. ಅಲ್ಲಿ ಅವರು ಮಾಡುತ್ತಿದ್ದದ್ದೂ ಅದೇ. ಹೊಸ ಕ್ಯಾಸೆಟ್ ಕೊಳ್ಳುವ ತಾಕತ್ತು ಇಲ್ಲವೆಂದಲ್ಲ. ಆಡಿದ್ದಾಯಿತು, ಕೇಳಿದ್ದಾಯಿತು, ಇನ್ನು ಇಟ್ಟುಕೊಂಡು ಉಪ್ಪಿನಕಾಯಿ ಹಾಕುವುದೇ ಎಂದು ಆ ಬಿಲ್ಡಿಂಗಿನ ಎಲ್ಲ ಮನೆಯವರೂ ಹಾಗೆಯೇ ಮಾಡುತ್ತಿದ್ದರು. ಅಮ್ಮಚ್ಚಿಗೆ ಓದು ಬರಹ ಬಾರದು. ಕಾಗದ ಬಂದರೆ ಇನ್ನೊಬ್ಬರ ಬಾಯಲ್ಲಿ ಓದಿಸಬೇಕು, ಮಗನ ಮಾತನ್ನು ಇಗರ್ಜಿಯ ಅಂಗಳಕ್ಕೆಲ್ಲ ಹಂಚಿದ ಹಾಗಾಗುತ್ತದೆ ಎಂದು ಅವರು ಕಾಗದವನ್ನೇ ಬೇಡವೆಂದಿದ್ದರು. ಯಂತ್ರದ ಕೆಂಪು ಗುಂಡಿಗೆ ಗಾಯದ ಪಟ್ಟಿಯ ಒಂದು ಚೂರು ಅಂಟಿಸಿಕೊಂಡು, ಬೆರಳಲ್ಲೇ ಗುರುತು ಹಿಡಿದು ಒತ್ತುವುದನ್ನು ಕಲಿತಿದ್ದರು. ಮೂವತ್ತು ಬಾತುಕೋಳಿ ಸಾಕಿಕೊಂಡು, ಮೊಟ್ಟೆ ಮಾರಿಕೊಂಡು, ಈಪ್ಪನ್ ಕಟ್ಟಿಸಿದ ಹೊಸ ಮನೆಯಲ್ಲಿ ದರ್ಬಾರು ಮಾಡುತ್ತಿದ್ದ ಹೆಂಗಸು ಅವರು. ಪಕ್ಕದ ಚಿನ್ನಮ್ಮ ರಾತ್ರಿ ಬಂದು ಮಲಗುತ್ತಿದ್ದಳು.

ಎಂಬತ್ತೇಳನೆಯ ಇಸವಿಯ ಆ ಜನವರಿಯಲ್ಲಿ ಉತ್ತರ ತುಂಬುವಾಗ ಒಂದು ದೊಡ್ಡ ಮಾತಿತ್ತು. ಲಿಜಿ ಹತ್ತನೆಯ ಕ್ಲಾಸಿನಲ್ಲಿದ್ದಳು. ಅವಳ ಶಾಲೆ ಹತ್ತಕ್ಕೇ ಮುಗಿಯುತ್ತಿತ್ತು. ಮುಂದೆ ಓದಬೇಕಾದರೆ ಊರಿಗೆ ಹೋಗಬೇಕು, ಹೋದರೆ ಅಮ್ಮಚ್ಚಿಯ ಜೊತೆ ಇರಬೇಕು. ಕಾಲೇಜಿಗೆ ಅಲ್ಲಿಂದ ಬೋಟಿನಲ್ಲಿ ಮುಕ್ಕಾಲು ಗಂಟೆ.

ಈಪ್ಪನ್ ಫ್ಯಾನ್ ಆರಿಸಿದ. ರೆಕಾರ್ಡ್ ಮಾಡುವಾಗ ಫ್ಯಾನ್ ಬಂದ್, ಬೇಸಗೆಯಲ್ಲಿ ಎಸಿಯೂ ಬಂದ್, ಅಡುಗೆಮನೆ ಬಾಗಿಲು ಬಂದ್. ಅಮ್ಮನ ಕಿವಿಗೆ ತನ್ನ ಮಾತಿನ ಹೊರತು ಇನ್ನೇನೂ ಬೀಳಬಾರದು ಎಂಬುದು ಅವನ ಕಟ್ಟುನಿಟ್ಟು. ಬಿಡಿಭಾಗಗಳ ಗೋದಾಮಿನಲ್ಲಿ ಹದಿಮೂರು ವರ್ಷ ಸ್ಟೋರ್ ಕೀಪರ್ ಆಗಿ ದುಡಿದವನು. ಒಂದು ನಟ್ಟು ಕೊಡುವುದಕ್ಕೂ ಅವನದ್ದೊಂದು ಕ್ರಮವಿತ್ತು.

"ಅಮ್ಮಚ್ಚಿ, ಲಿಜಿಯನ್ನ ಜೂನ್ ತಿಂಗಳಲ್ಲಿ ನಿಮ್ಮ ಹತ್ರ ಕಳಿಸೋಣ ಅಂತಿದ್ದೀವಿ. ಎರಡು ವರ್ಷ ನಿಮ್ಮ ಜೊತೆ ಇರ್ತಾಳೆ. ನಿಮ್ಮ ಕೈಲಿ ಆಗುತ್ತಾ? ನೀವು ಹೂಂ ಅಂದ್ರೇನೇ ಕಳಿಸೋದು. ಯೋಚನೆ ಮಾಡಿ ಹೇಳಿ." ಹೇಳಿ ಮುಗಿಸಿ ಹೆಂಡತಿಯ ಕಡೆ ಯಂತ್ರ ತಿರುಗಿಸಿದ. "ನೀನೂ ಒಂದು ಮಾತು ಹೇಳೇ."

ಶೋಶಮ್ಮನದ್ದು ಎಂದೂ ಎರಡೇ ವಾಕ್ಯ. "ಅಮ್ಮಚ್ಚಿ, ಇಲ್ಲಿ ಎಲ್ಲ ಸೌಖ್ಯ. ಆರೋಗ್ಯ ನೋಡ್ಕೊಳ್ಳಿ." ಅಲ್ಲಿಗೆ ಮುಗಿಯಿತು. ಹಳೆಯ ಮಾತು ಅಳಿಸಿಹೋಗಲೆಂದು ಯಂತ್ರವನ್ನು ಕೊನೆಯವರೆಗೂ ಓಡಲು ಬಿಡುತ್ತಿದ್ದರು, ಉಳಿದ ಟೇಪು ಖಾಲಿಯೇ ಹೋಗುತ್ತಿತ್ತು.

ಉತ್ತರ ಬಂದದ್ದು ಫೆಬ್ರವರಿ ಕೊನೆಗೆ. ಅಮ್ಮಚ್ಚಿ ಇಪ್ಪತ್ತು ನಿಮಿಷ ಮಾತಾಡಿದರು. ಎರಡು ಬಾತುಕೋಳಿ ಕಾಲು ಕುಂಟುತ್ತಿವೆ. ಕಾಲುವೆಯಲ್ಲಿ ನೀರು ಉಪ್ಪಾಗಿದೆ. ಚಿನ್ನಮ್ಮನ ಗೊರಕೆಗೆ ಮನೆಯ ಹೆಂಚು ಅದುರುತ್ತಿದೆಯಂತೆ, ತಾನಾಗಿದ್ದಕ್ಕೆ ಸಹಿಸಿಕೊಂಡಿರುವುದಂತೆ. ಲಿಜಿಯ ಮಾತು ಒಂದು ಕಡೆಗೂ ಬರಲಿಲ್ಲ. ಟೇಪು ಕೊನೆಗೆ ಬಂದು ಗುಂಡಿ ತಾನಾಗಿ ಮೇಲೆದ್ದಾಗ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಮರೆತಿರಬೇಕು," ಎಂದ ಈಪ್ಪನ್.

"ಚಿನ್ನಮ್ಮನ ಗೊರಕೆ ನೆನಪಿರುತ್ತೆ, ಮೊಮ್ಮಗಳು ಮರೆತುಹೋಗ್ತಾಳೆ."

"ವಯಸ್ಸಾಯ್ತಲ್ಲೇ. ಇನ್ನೊಂದು ಸಲ ಕೇಳಿದ್ರಾಯ್ತು."

ಇನ್ನೊಂದು ಸಲ ಕೇಳಿದರು. ಈ ಸಲ ಲಿಜಿಯ ಕೈಯಲ್ಲೂ ಹೇಳಿಸಿದರು. "ಅಮ್ಮಚ್ಚೀ, ನಾನು ಬಂದ್ರೆ ನಿಮಗೆ ತೊಂದ್ರೆಯಾ? ನಾನು ಜಾಸ್ತಿ ತಿನ್ನಲ್ಲ," ಎಂದು ಹುಡುಗಿ ಹೇಳಿದಳು. ಅವಳಿಗೆ ಊರಿಗೆ ಹೋಗುವ ಮನಸ್ಸೇ ಇರಲಿಲ್ಲ. ಸಂಜೆ ಮುತ್ರಾದ ಸಮುದ್ರದ ಕಟ್ಟೆಯ ಮೇಲೆ ಮೂವರೂ ಚಹಾದ ಫ್ಲಾಸ್ಕು ಇಟ್ಟುಕೊಂಡು ಕೂತಿದ್ದಾಗ, "ಅಮ್ಮಚ್ಚಿ ಬೇಡ ಅಂದ್ರೆ ನಾನು ಇಲ್ಲೇ ಇರಬಹುದಲ್ವಾ ಪಪ್ಪಾ?" ಎಂದು ಕೇಳಿದ್ದಳು. "ಇಲ್ಲೇ ಇದ್ದು ಏನ್ಮಾಡ್ತೀಯಾ, ನಿಮ್ಮಮ್ಮನ ಜೊತೆ ಟೈಲರ್ ಅಂಗಡೀಲಿ ಗುಂಡಿ ಹೊಲೀತೀಯಾ?" ಎಂದು ಈಪ್ಪನ್ ನಕ್ಕಿದ್ದ. ಲಿಜಿ ನಗಲಿಲ್ಲ.

ಏಪ್ರಿಲ್ ಕೊನೆಯ ವಾರ ಬಂದ ಕ್ಯಾಸೆಟ್ಟಿನಲ್ಲಿ ನೀರಿನ ಉಪ್ಪು ಇಳಿದಿತ್ತು. ಕುಂಟುತ್ತಿದ್ದ ಬಾತುಕೋಳಿಗಳಲ್ಲಿ ಒಂದು ಸತ್ತು, ಸಾರಾಗಿತ್ತು. ಈಸ್ಟರಿಗೆ ಪಾದ್ರಿಗಳು ಮನೆಗೆ ಬಂದಿದ್ದರು. ಮೊಮ್ಮಗಳ ಸುದ್ದಿಯಿಲ್ಲ.

ಆ ದಿನ ಮನೆಯಲ್ಲಿ ಮೊದಲ ಸಲ ಜೋರು ಜಗಳವಾಯಿತು. ಮರಗೆಣಸು ಬೇಯಿಸಿ, ದನದ ಮಾಂಸ ಹುರಿದಿಟ್ಟಿದ್ದ ತಟ್ಟೆ ಮುಂದೆ ಹಾಗೇ ಆರಿಹೋಯಿತು.

"ನೀನೇನಾದ್ರೂ ಅಂದಿರಬೇಕು. ಆ ಯಂತ್ರ ನಿಲ್ಲಿಸಿ ನಿಲ್ಲಿಸಿ ಅಂತೀಯಲ್ಲ, ಯಾವತ್ತೋ ಕೆಂಪು ಗುಂಡಿ ಒತ್ತಿಬಿಟ್ಟಿರ್ತೀಯ. ಎಲ್ಲ ಅದರಲ್ಲಿ ಹೋಗಿರುತ್ತೆ," ಎಂದ ಈಪ್ಪನ್.

"ಹೌದು ಇಚ್ಚಾಯ, ಎಲ್ಲ ನನ್ನ ತಲೆಗೇ ಕಟ್ಟಿ. ಹೋದ ಸಲ ರಜೆಗೆ ಹೋದಾಗ ಏನಾಯ್ತು ಅಂತ ನಿಮಗೆ ಗೊತ್ತಾ? ಒಲೆ ಮುಂದೆ ನಿಂತು ಮೂರು ಸಲ ಕೇಳಿದೆ, ಅಮ್ಮಚ್ಚಿ, ಮೀನಿಗೆ ಹುಳಿ ಹಾಕಲಾ ಅಂತ. ತಿರುಗಿ ಸಹ ನೋಡಲಿಲ್ಲ. ನಾನು ಅಂದ್ರೆ ಆ ಮನೆ ಗೋಡೆಗೆ ಸಮ."

"ಅದನ್ನ ಆವತ್ತಿನಿಂದ ಸೆರಗಿನಲ್ಲಿ ಕಟ್ಕೊಂಡು ಓಡಾಡ್ತಿದ್ದೀಯಾ?"

"ಕಟ್ಟಿಕೊಳ್ಳದೆ ಏನ್ಮಾಡ್ಲಿ? ನಿಮ್ಮ ಹತ್ರ ಹೇಳಿದ್ರೆ ಅಮ್ಮ ಹಾಗಲ್ಲ ಅಂತೀರಿ."

"ಪಾದ್ರಿಗಳಿಗೆ ಒಂದು ಕಾಗದ ಬರೀಲಾ? ಅವರೇ ಹೋಗಿ ಕೇಳ್ತಾರೆ."

"ಬರೀರಿ. ಅತ್ತೆಗೆ ಸೊಸೆ ಕಂಡ್ರಾಗಲ್ಲ, ಮೊಮ್ಮಗಳನ್ನೂ ಇಟ್ಕೊಳ್ಳಲ್ಲ ಅಂತ ಪೂಜೆಯಲ್ಲಿ ಓದಿ ಹೇಳ್ತಾರೆ. ಊರೆಲ್ಲ ಕೇಳಲಿ."

ಈಪ್ಪನ್ ಬರೆಯಲಿಲ್ಲ. ಲಿಜಿ ತನ್ನ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟಳು.

ಮೂರನೆಯ ಸಲ ಕೇಳಿದ್ದು ಪಾಪಚ್ಚನ್ ಕೈಯಲ್ಲಿ. ಪಾಪಚ್ಚನ್ ಅದೇ ಊರಿನವನು, ಗೋದಾಮಿನ ಲಾರಿ ಓಡಿಸುತ್ತಿದ್ದ. ಹೆಂಡತಿಯ ಹೆರಿಗೆಗೆಂದು ಇಪ್ಪತ್ತು ದಿನದ ರಜೆ ಹಾಕಿದ್ದ. "ನೀನೇ ಹೋಗಿ ಕೈಗೆ ಕೊಡು. ಬರುವಾಗ ಉತ್ತರ ತಗೊಂಡೇ ಬರಬೇಕು," ಎಂದು ಈಪ್ಪನ್ ಎರಡೆರಡು ಸಲ ಹೇಳಿ ಕಳಿಸಿದ.

ಆ ಇಪ್ಪತ್ತು ದಿನ ಶೋಶಮ್ಮನಿಗೆ ಮೈತುಂಬ ಕೆಲಸ. ಅವಳು ಹೊಲಿಯುತ್ತಿದ್ದ ಅಂಗಡಿಗೆ ಈದ್ ಹಬ್ಬದ ಬಟ್ಟೆಗಳು ರಾಶಿ ಬಿದ್ದಿದ್ದವು. ಬೆಳಿಗ್ಗೆ ಎಂಟಕ್ಕೆ ಹೋದರೆ ಒಂದಕ್ಕೆ ಮನೆ, ಮತ್ತೆ ನಾಲ್ಕಕ್ಕೆ ಹೋಗಿ ಒಂಬತ್ತಕ್ಕೆ ವಾಪಸು. ಅಳತೆ ಪುಸ್ತಕವನ್ನು ಚೀಲದಲ್ಲಿ ಹಾಕಿಕೊಂಡು ಮನೆಗೂ ತರುತ್ತಿದ್ದಳು. ಎದೆ, ಸೊಂಟ, ತೋಳು, ಕುತ್ತಿಗೆ, ಒಂದೊಂದು ಹೆಸರಿನ ಮುಂದೆ ಒಂದೊಂದು ಸಾಲು. ಓಮಾನಿ ಹೆಂಗಸರು ತೋಳು ಮುಂದೆ ಚಾಚಿ ನಿಂತು, ಅವಳಿಗೆ ಅರ್ಧ ಮಾತ್ರ ತಿಳಿಯುವ ಭಾಷೆಯಲ್ಲಿ ತಮ್ಮ ಅತ್ತೆಯಂದಿರನ್ನು ಬೈಯುತ್ತಿದ್ದರು. ಅದು ಮಾತ್ರ ಅವಳಿಗೆ ಪೂರ್ತಿ ತಿಳಿಯುತ್ತಿತ್ತು.

ಪಾಪಚ್ಚನ್ ಮೇ ಮಧ್ಯದಲ್ಲಿ ಬಂದ. ಉಪ್ಪು ಹಾಕಿ ಒಣಗಿಸಿದ ಮೀನು, ಹುರಿದ ಅಕ್ಕಿಹಿಟ್ಟು, ಬಟ್ಟೆಯಲ್ಲಿ ಸುತ್ತಿದ ಕ್ಯಾಸೆಟ್ ತಂದು ಮುಂದಿಟ್ಟ.

"ಹೇಗಿದ್ದಾರೆ ಅಮ್ಮಚ್ಚಿ?"

"ಗಟ್ಟಿಮುಟ್ಟು. ದೋಣಿ ತಾವೇ ಹುಟ್ಟುಹಾಕ್ತಾರೆ. ನನಗೆ ಬಾಯಿ ಬಿಡೋಕೇ ಬಿಡಲಿಲ್ಲ ಈಪ್ಪಚ್ಚಾಯ. ಅವರದ್ದೇ ಮಾತು, ಅವರದ್ದೇ ನಗು. ನಾನು ಹೂಂ ಅನ್ನೋದು, ಮೊಟ್ಟೆ ತಿನ್ನೋದು, ಅಷ್ಟೇ."

"ಲಿಜಿ ವಿಷಯ ಏನಾದ್ರೂ ಅಂದ್ರಾ?"

"ಕೇಳಿದೆ. ಲಿಜಿ ಅಂತ ಎರಡು ಸಲ ಅಂದೆ. ಅವರು ಬಾತುಕೋಳಿ ಅಟ್ಟಿಸಿಕೊಂಡು ಹೊರಟೇಹೋದ್ರು."

ಶೋಶಮ್ಮ ಗಂಡನ ಕಡೆ ನೋಡಿದಳು. ಇನ್ನೇನು ಬೇಕು ಎಂಬಂತಿತ್ತು ಆ ನೋಟ. ಕ್ಯಾಸೆಟ್ ಹಾಕಿ ಕೇಳಿದ್ದೂ ಆಯಿತು. ಅದರಲ್ಲಿ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಬೇಕು ಎಂಬ ಮಾತಿತ್ತು, ಪಾಪಚ್ಚನ್ ತೆಳ್ಳಗಾಗಿದ್ದಾನೆ ಎಂಬ ಮಾತಿತ್ತು. ಮತ್ತೇನೂ ಇರಲಿಲ್ಲ.

"ಸಾಕು ಇಚ್ಚಾಯ," ಎಂದಳು. ಈ ಸಲ ಅವಳ ದನಿ ಏರಲಿಲ್ಲ. "ನನ್ನ ಮಗಳನ್ನ ಇಟ್ಕೊಳ್ಳಿ ಅಂತ ನಾಲ್ಕನೇ ಸಲ ಕೈ ಚಾಚಲ್ಲ. ನಮ್ಮಣ್ಣ ಸಿಸ್ಟರ್‌ಗಳ ಹಾಸ್ಟೆಲ್ ನೋಡಿಟ್ಟಿದ್ದಾನೆ, ಕಾಲೇಜಿನ ಪಕ್ಕದಲ್ಲೇ. ಅಲ್ಲಿ ಇರಲಿ."

"ಅಮ್ಮಚ್ಚಿಗೆ ಹೇಳಬೇಡವಾ?"

"ಹೇಳಿ. ಬಾತುಕೋಳಿ ಬಿಟ್ಟು ಬೇರೆ ಮಾತಿಗೆ ಕಿವಿ ಕೊಟ್ರೆ ಹೇಳಿ."

ಈಪ್ಪನ್ ಬಹಳ ಹೊತ್ತು ಒಣಮೀನಿನ ಪೊಟ್ಟಣದ ದಾರ ಬಿಚ್ಚುತ್ತ ಕೂತ. ಅವನಿಗೂ ಮನಸ್ಸಿಗೆ ನೋವಾಗಿತ್ತು. ಹೆಂಡತಿ ತಪ್ಪು ಹೇಳುತ್ತಿದ್ದಾಳೆ ಎನ್ನಲು ಅವನ ಕೈಯಲ್ಲಿ ಏನೂ ಇರಲಿಲ್ಲ. ಆ ತಿಂಗಳ ಉತ್ತರದಲ್ಲಿ ಅವನು ಹೆಂಚಿನ ಮಾತಷ್ಟೇ ಆಡಿದ. ಹಾಸ್ಟೆಲ್ಲಿನ ಮಾತು ಎತ್ತಲಿಲ್ಲ.

ಲಿಜಿ ಜೂನಿನಲ್ಲಿ ಹೋದಳು. ಕೆಳಗಿನ ಮನೆಯವರು ರಜೆಗೆ ಹೊರಟಿದ್ದರು, ಅವರ ಜೊತೆ. ಈಪ್ಪನ್‌ಗೆ ಎರಡು ವರ್ಷಕ್ಕೊಮ್ಮೆ ರಜೆ, ಅದು ಬರುವುದು ಡಿಸೆಂಬರಿಗೆ. ಏರ್‌ಪೋರ್ಟಿನಲ್ಲಿ ಶೋಶಮ್ಮ ಮಗಳ ಚೀಲದ ಜಿಪ್ಪು ಮೂರು ಸಲ ತೆಗೆದು ಮೂರು ಸಲ ಹಾಕಿದಳು. ಒಳಗೆ ಆರು ಹೊಸ ಲಂಗ, ರವಿಕೆ. ಎಲ್ಲಕ್ಕೂ ಬೆಳೆಯುವ ಮೈಗೆಂದು ಒಳಗೆ ಬಟ್ಟೆ ಬಿಟ್ಟು ಹೊಲಿದಿದ್ದಳು.

"ಅಮ್ಮಾ, ನಿಜವಾಗ್ಲೂ ಅಮ್ಮಚ್ಚಿಗೆ ನಾನು ಬೇಡವಾ?"

"ಹಾಗೇನಿಲ್ಲ. ವಯಸ್ಸಾದವರು."

"ಬೇಡ ಅಂತ ಬಾಯಿಬಿಟ್ಟು ಅಂದಿದ್ರೂ ಪರವಾಗಿಲ್ಲ ಅನ್ನಿಸ್ತಿತ್ತು. ಏನೂ ಅನ್ನಲಿಲ್ಲವಲ್ಲ."

ಶೋಶಮ್ಮ ಮತ್ತೊಮ್ಮೆ ಜಿಪ್ಪು ಎಳೆದಳು. "ತಲೆಗೆ ಎಣ್ಣೆ ಹಾಕ್ಕೋ," ಎಂದಳು. ಹುಡುಗಿ ತಿರುಗಿ ನೋಡದೆ ಒಳಗೆ ಹೋದಳು.

ಆಮೇಲೆ ಮನೆ ಭಣಭಣ ಎನ್ನತೊಡಗಿತು. ಹಾಲ್‌ನಲ್ಲಿ ಲಿಜಿ ಮಲಗುತ್ತಿದ್ದ ಹಾಸಿಗೆಯನ್ನು ಸುತ್ತಿ ಕಪಾಟಿನ ಮೇಲಿಟ್ಟರು. ಜುಲೈ ಬಿಸಿಲಿಗೆ ಕಿಟಕಿಯ ಗಾಜು ಮುಟ್ಟಲಾಗುತ್ತಿರಲಿಲ್ಲ. ಮೂವರ ಅಳತೆಗೆ ಅಕ್ಕಿ ಹಾಕಿ ಹಾಕಿ, ಮರುದಿನ ಬೆಳಿಗ್ಗೆ ಇಬ್ಬರೂ ತಂಗಳನ್ನವನ್ನೇ ಮೊಸರು ಹಾಕಿಕೊಂಡು ತಿನ್ನುತ್ತಿದ್ದರು. ಶುಕ್ರವಾರ ಪೂಜೆಗೆ ಹೋಗಿ ಬಂದು, ಬಾಡಿಗೆಗೆ ಒಂದು ಸಿನಿಮಾ ತಂದು ಅರ್ಧ ನೋಡಿ ನಿದ್ದೆ ಮಾಡುವುದು. ಸಂಜೆ ಮುತ್ರಾದ ಕಟ್ಟೆಗೆ ಹೋಗುವುದು. ಹಡಗುಗಳ ಕಡೆ ನೋಡುತ್ತ ಈಪ್ಪನ್ ಒಮ್ಮೆ, "ಎಂಟು ವಾರ ಆಯ್ತು. ಅಮ್ಮಚ್ಚಿಯ ಕ್ಯಾಸೆಟ್ ಬರಲಿಲ್ಲ," ಎಂದ. ಶೋಶಮ್ಮ ಫ್ಲಾಸ್ಕಿನ ಮುಚ್ಚಳ ತಿರುಗಿಸಿದಳು.

ಬಂದದ್ದು ಆಗಸ್ಟ್ ಕೊನೆಯ ಶುಕ್ರವಾರ. ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ಯಾರೋ ರಜೆಯಿಂದ ಬಂದವರು ಕೈಗೆ ಕೊಟ್ಟರು. ಊಟಕ್ಕೂ ಕೂರದೆ ಈಪ್ಪನ್ ಯಂತ್ರಕ್ಕೆ ಹಾಕಿದ.

"ಈಪ್ಪಾ, ಕೇಳಿಸ್ತಾ ಇದೆಯೇನೋ." ದನಿ ಅದೇ ಜೋರು, ಆದರೆ ಆ ದನಿಯಲ್ಲಿ ನಗು ಇರಲಿಲ್ಲ. "ಇವತ್ತು ಬಾತುಕೋಳಿ ಮಾತು ಇಲ್ಲ. ಹೋದ ಮಂಗಳವಾರ ಪೇಟೆಗೆ ಮೊಟ್ಟೆ ಕೊಡೋಕೆ ಹೋಗಿದ್ದೆ. ಬೋಟಿನ ಕಟ್ಟೆ ಹತ್ರ ಸಿಸ್ಟರ್‌ಗಳ ಹಿಂದೆ ಹುಡುಗೀರ ಸಾಲು ಹೋಗ್ತಿತ್ತು. ಅದರಲ್ಲಿ ಮೂರನೇ ಹುಡುಗಿ ನಿಮ್ಮಪ್ಪನ ಹಣೆ ಇಟ್ಕೊಂಡಿತ್ತು. ಹತ್ರ ಹೋಗಿ ನೋಡಿದ್ರೆ ನನ್ನ ಮೊಮ್ಮಗಳು. ಎರಡು ತಿಂಗಳಾಯ್ತಂತೆ ಬಂದು. ಚಿನ್ನಮ್ಮ ಬೆರಳು ಮಡಚಿ ಹೇಳಿದಳು."

ಅಮ್ಮಚ್ಚಿ ಮೂಗು ಒರೆಸಿಕೊಂಡದ್ದು ಟೇಪಿನಲ್ಲಿ ಕೇಳಿಸಿತು.

"ಮೂರು ಕೋಣೆ ಮನೆ ಕಟ್ಟಿಸಿದೆಯಲ್ಲೋ, ಯಾರಿಗೆ? ಬಾತುಕೋಳಿಗಾ? ಆ ಮಗು ಹೊರಗಿನವರ ಮನೇಲಿ ಸಾಲಲ್ಲಿ ನಿಂತು ಅನ್ನ ಹಾಕಿಸ್ಕೊಳ್ಳುತ್ತೆ. ನನ್ನ ಕೈಲಿ ಅವಳಿಗೆ ಅನ್ನ ಬೇಯಿಸಿ ಹಾಕೋಕೆ ಆಗಲ್ಲ ಅಂದ್ಕೊಂಡ್ಯಾ? ನಿನ್ನ ಹೆಂಡ್ತಿಗೆ ಬೇಡವಾಗಿದ್ರೂ ಸರಿ. ನೀನು ನನ್ನ ಮಗ. ಅಮ್ಮಚ್ಚಿ, ಕಳಿಸಲಾ ಅಂತ ಒಂದು ಮಾತು ನನ್ನ ಹತ್ರ ಕೇಳಬೇಕು ಅನ್ನಿಸಲಿಲ್ಲವಲ್ಲೋ ನಿನಗೆ. ಇಷ್ಟೇ. ಇನ್ನೇನಿಲ್ಲ."

ಶೋಶಮ್ಮನ ಕೈ ಅಭ್ಯಾಸದಂತೆ ಗುಂಡಿಯ ಹತ್ತಿರ ಹೋಗಿತ್ತು. ಒತ್ತಲಿಲ್ಲ.

"ಮೂರು ಸಲ ಕೇಳಿದೆವಲ್ಲೇ," ಎಂದ ಈಪ್ಪನ್. "ಮೂರು ಸಲ. ಲಿಜಿ ಸಹ ಕೇಳಿದಳಲ್ಲ." ತೋರಿಸೋಣವೆಂದರೆ ಎಲ್ಲಿದೆ ಅದು? ಕೇಳಿದ್ದರ ಮೇಲೆಲ್ಲ ಅಮ್ಮಚ್ಚಿಯ ಬಾತುಕೋಳಿಗಳು ಬಂದು ಕೂತಿದ್ದವು, ಆ ಬಾತುಕೋಳಿಗಳ ಮೇಲೆ ಮತ್ತೆ ಇವರ ಮಾತು.

"ಇನ್ನೊಂದು ಮಗ್ಗುಲು ಹಾಕಿ," ಎಂದಳು ಶೋಶಮ್ಮ. ಅಮ್ಮಚ್ಚಿ ಎಂದೂ ಇನ್ನೊಂದು ಮಗ್ಗುಲಿಗೆ ಮಾತಾಡಿದವರಲ್ಲ. ಆದರೆ ಕ್ಯಾಸೆಟ್ಟಿನ ಆ ಕಡೆ ಪೆನ್ನಿನಲ್ಲಿ ಒಂದು ಚಿಕ್ಕ ಗುರುತಿತ್ತು, ಲಿಜಿಯ ಕೈಯದ್ದು.

"ಪಪ್ಪಾ, ಅಮ್ಮಾ, ನಾನು ಲಿಜಿ. ಸಿಸ್ಟರ್ ಒಂದು ಭಾನುವಾರಕ್ಕೆ ಬಿಟ್ಟಿದ್ದಾರೆ, ಅಮ್ಮಚ್ಚಿ ಮನೇಲಿ ಇದ್ದೀನಿ. ಅಮ್ಮಚ್ಚಿ ನನ್ನ ಪಕ್ಕದಲ್ಲೇ ಕೂತು ಬಟಾಣಿ ಬಿಡಿಸ್ತಿದ್ದಾರೆ. ನಾನು ಏನು ಹೇಳಿದ್ರೂ ಅವರಿಗೆ ಗೊತ್ತಾಗಲ್ಲ. ಪಪ್ಪಾ, ಅಮ್ಮಚ್ಚಿಗೆ ಕಿವಿ ಕೇಳಿಸಲ್ಲ. ಸ್ವಲ್ಪವೂ ಕೇಳಿಸಲ್ಲ."

ಈಪ್ಪನ್ ಯಂತ್ರದ ದನಿ ದೊಡ್ಡದು ಮಾಡಿದ.

"ಚಿನ್ನಮ್ಮಚ್ಚಿ ಹೇಳ್ತಾರೆ, ಮೂರು ವರ್ಷದಿಂದ ಕಮ್ಮಿಯಾಗ್ತಾ ಬಂತಂತೆ. ಹೋದ ಕ್ರಿಸ್ಮಸ್ಸಿಗೆ ಪೂರ್ತಿ ಹೋಯ್ತಂತೆ. ಆಸ್ಪತ್ರೆಗೂ ತೋರಿಸಿದ್ರು, ನರ ಸತ್ತಿದೆ, ಯಂತ್ರ ಇಟ್ರೂ ಪ್ರಯೋಜನ ಇಲ್ಲ ಅಂದ್ರಂತೆ. ನಿಮಗೆ ತಿಳಿಸಬೇಡಿ ಅಂತ ಅಮ್ಮಚ್ಚಿ ಎಲ್ಲರ ಹತ್ರ ಆಣೆ ಹಾಕಿಸ್ಕೊಂಡಿದ್ದಾರೆ. ಕೇಳಿಸಲ್ಲ ಅಂತ ಗೊತ್ತಾದ್ರೆ ಮಗ ಮಾತು ಕಳಿಸೋದು ನಿಲ್ಲಿಸಿಬಿಡ್ತಾನೆ, ಕಾಗದ ಬರೆಯೋಕೆ ಶುರುಮಾಡ್ತಾನೆ ಅಂತ. ಬೋಟಿನ ಕಟ್ಟೇಲಿ ನನ್ನನ್ನ ನೋಡಿ ಗುರುತು ಹಿಡಿದು ಅಳ್ತಾ ಏನೇನೋ ಕೇಳಿದ್ರು. ನಾನು ಹೇಳಿದ್ದು ಅವರಿಗೆ ಹೋಗಲಿಲ್ಲ. ನೀವು ಕೇಳಿದ್ರಿ ಅಂತ ಹೇಳೋಕೆ ಇವತ್ತು ಮೂರು ಬೆರಳು ತೋರಿಸಿದೆ ಪಪ್ಪಾ, ಮೂರು ಸಲ ಅಂತ. ಅವರು ಒಳಗೆ ಹೋಗಿ ಮೂರು ಮೊಟ್ಟೆ ಬೇಯಿಸ್ಕೊಂಡು ಬಂದ್ರು."

ಹುಡುಗಿ ಅಲ್ಲಿ ಅತ್ತಳು. ಹಿಂದಿನಿಂದ ಅಮ್ಮಚ್ಚಿಯ ದನಿ ಬಂತು, "ಯಾಕೆ ಅಳ್ತೀಯೇ ಮುದ್ದು, ಮೊಟ್ಟೆ ಸಾಲಲಿಲ್ವಾ?"

"ಬಾಯಿ ನೋಡಿ ಅನ್ನ, ನೀರು, ಬಾ, ಹೋಗು, ಇಷ್ಟು ತಿಳ್ಕೊಳ್ತಾರೆ. ನಿಮ್ಮ ಕ್ಯಾಸೆಟ್ ಬಂದ್ರೆ ಏನ್ಮಾಡ್ತಾರೆ ಗೊತ್ತಾ? ಯಂತ್ರಾನ ಮಡಿಲಲ್ಲಿ ಇಟ್ಕೊಂಡು, ದನಿ ಪೂರ್ತಿ ದೊಡ್ಡದು ಮಾಡಿ, ಅದರ ಮೇಲೆ ಅಂಗೈ ಇಡ್ತಾರೆ. ಮಾತಾಡ್ತಾ ಇದ್ರೆ ಕೈಗೆ ಅದುರುತ್ತೆ. ಇದು ಈಪ್ಪ, ಈಪ್ಪ ನಿಧಾನ ಅಂತಾರೆ. ಆಮೇಲೆ ಒಂದು ಚೂರು ಅದುರಿ ನಿಂತ್ರೆ ಅದು ನಿಮ್ಮಮ್ಮ, ಅವಳಿಗೆ ನನ್ನ ಹತ್ರ ಮಾತಿಲ್ಲ ಅಂತಾರೆ. ನಿಂತ ಮೇಲೂ ಕೈ ತೆಗೆಯಲ್ಲ. ಟೇಪು ಮುಗಿದು ಗುಂಡಿ ಮೇಲೇಳೋ ತನಕ ಕಾಯ್ತಾರೆ, ಇನ್ನೊಂದು ಸಲ ಅದುರುತ್ತೇನೋ ಅಂತ. ಪಪ್ಪಾ, ಇವರಿಗೆ ಹೇಗೆ ಹೇಳೋದು ನೀವು ಕೇಳಿದ್ರಿ ಅಂತ? ಓದೋಕೂ ಬರಲ್ಲ. ಬೋಟಿಗೆ ಹೊತ್ತಾಯ್ತು, ಇಡ್ತೀನಿ."

ಗುಂಡಿ ಮೇಲೆದ್ದಿತು. ಶೋಶಮ್ಮನಿಗೆ ಒಲೆಯ ಮುಂದೆ ನಿಂತಿದ್ದ ಅತ್ತೆಯ ಬೆನ್ನು ಕಣ್ಣಿಗೆ ಬಂತು. ಹುಳಿ ಹಾಕಲಾ ಅಮ್ಮಚ್ಚಿ ಎಂದು ಆ ಬೆನ್ನಿಗೆ ಮೂರು ಸಲ ಹೇಳಿದ್ದಳು. ಒಂದು ಸಲ ಎದುರಿಗೆ ಹೋಗಿ ನಿಲ್ಲಬಹುದಿತ್ತು. ಎರಡು ಹೆಜ್ಜೆ. ಅಷ್ಟು ಮಾಡದೆ, ಅಂದಿನಿಂದಲೂ ಸಿಟ್ಟು ಹೊತ್ತುಕೊಂಡು ತಿರುಗಿ, ಮಗಳನ್ನು ಸಾಲಿನಲ್ಲಿ ನಿಲ್ಲಿಸಿದ್ದಳು.

"ಬೈಯಿರಿ ನನ್ನನ್ನ," ಎಂದಳು ಗಂಡನಿಗೆ. "ನಾನೇ ಅಲ್ವಾ ಬೇಡ ಅಂದಿದ್ದು. ಪಾದ್ರಿಗಳಿಗೆ ಬರೀಲಾ ಅಂದ್ರಿ ನೀವು."

ಈಪ್ಪನ್ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಸ್ವಲ್ಪ ಹಗುರವಾಗುತ್ತಿತ್ತು. "ಡಿಸೆಂಬರಿಗೆ ಹೋಗ್ತೀವಲ್ಲ," ಎಂದ. "ಎದುರಿಗೆ ಕೂತು ಹೇಳಿದ್ರಾಯ್ತು." ಹೇಗೆ ಹೇಳುವುದೆಂದು ತನ್ನ ಮೂರು ಬೆರಳುಗಳನ್ನು ಎತ್ತಿ ನೋಡಿಕೊಂಡ.

ಸಂಜೆ ಅವರು ಮುತ್ರಾಕ್ಕೆ ಹೋಗಲಿಲ್ಲ. ಈಪ್ಪನ್ ಕೆಳಗಿನ ಅಂಗಡಿಗೆ ಹೋಗಿ ಒಂದು ಹೊಸ ಕ್ಯಾಸೆಟ್ ತಂದ. ಆ ಮನೆಗೆ ಹದಿಮೂರು ವರ್ಷದಲ್ಲಿ ಬಂದ ಮೂರನೆಯ ಕ್ಯಾಸೆಟ್ ಅದು. ಹಳೆಯದರ ಮೇಲೆ ಮಾತು ತುಂಬಲು ಇಬ್ಬರಿಗೂ ಕೈ ಬರಲಿಲ್ಲ. ಶೋಶಮ್ಮ ಅದನ್ನು ಬಂದ ಬಟ್ಟೆಯಲ್ಲೇ ಸುತ್ತಿ ಬೈಬಲ್ಲಿನ ಪಕ್ಕದಲ್ಲಿಟ್ಟಳು.

ಈಪ್ಪನ್ ಹೋಗಿ ಎಸಿ ಆರಿಸಿದ. ಅಡುಗೆಮನೆ ಬಾಗಿಲು ಹಾಕಿದ. ಯಾಕೆ ಎಂದು ಶೋಶಮ್ಮ ಕೇಳಲಿಲ್ಲ. ಎರಡೇ ನಿಮಿಷಕ್ಕೆ ಇಬ್ಬರ ಕುತ್ತಿಗೆಯಲ್ಲೂ ಬೆವರಿಳಿಯತೊಡಗಿತು. ಅವನು ಕೆಂಪು ಗುಂಡಿ ಒತ್ತಿ, "ಅಮ್ಮಚ್ಚಿ," ಎಂದ. ಮುಖ ಆ ಕಡೆ ತಿರುಗಿಸಿದ.

ಶೋಶಮ್ಮ ಯಂತ್ರವನ್ನು ತನ್ನ ಕಡೆ ಎಳೆದುಕೊಂಡಳು.

"ಅಮ್ಮಚ್ಚಿ, ನಾನು ಶೋಶಾ. ನಾವು ಕೇಳಿದ್ವಿ ಅಮ್ಮಚ್ಚಿ. ಮೂರು ಸಲ ಕೇಳಿದ್ವಿ," ಎಂದಳು. ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ಒಲೆಯ ಮುಂದಿನ ಹುಳಿಯ ಕತೆ ಹೇಳಿದಳು. ತಪ್ಪಾಯಿತು ಎಂದಳು. ಉಪ್ಪು ಯಾಕೆ ಕಮ್ಮಿ ಹಾಕುತ್ತೇನೆ ಎಂಬುದನ್ನು ಈ ಸಲ ಟೇಪು ನಿಲ್ಲಿಸದೆ ಹೇಳಿದಳು. ಮದುವೆಯಾದ ಹೊಸತರಲ್ಲಿ ಅಮ್ಮಚ್ಚಿ ಮಾಡಿಕೊಟ್ಟ ಬಾತುಕೋಳಿ ಸಾರಿನ ಹದ ತನಗೆ ಇವತ್ತಿಗೂ ಬಂದಿಲ್ಲ, ಹೊಟ್ಟೆಕಿಚ್ಚಿಗೆ ಅದನ್ನು ಕೇಳಿಯೇ ಇಲ್ಲ ಎಂದಳು. ಲಿಜಿಯ ಹಾಸಿಗೆ ಕಪಾಟಿನ ಮೇಲಿದೆ ಎಂದಳು. ಹದಿನೈದು ನಿಮಿಷವಾಯಿತು, ಇಪ್ಪತ್ತಾಯಿತು. ಹೇಳುವುದೆಲ್ಲ ಮುಗಿಯಿತು. ಗಾಜಿನೊಳಗೆ ಟೇಪು ಇನ್ನೂ ಸುತ್ತುತ್ತಿತ್ತು, ಅದು ಮುಗಿಯುವ ತನಕ ಅಲ್ಲಿ ಒಂದು ಅಂಗೈ ಕಾಯುತ್ತಿರುತ್ತದೆ.

ಶೋಶಮ್ಮ ಕೈ ಚಾಚಿ ಚೀಲದಿಂದ ಅಳತೆ ಪುಸ್ತಕ ಎಳೆದುಕೊಂಡಳು.

"ಸಲ್ಮಾ," ಎಂದು ಓದಿದಳು, ಬಾಯಿಯನ್ನು ಯಂತ್ರಕ್ಕೆ ತಾಗಿಸಿ, ಗಟ್ಟಿಯಾಗಿ, ನಿಧಾನವಾಗಿ. "ಎದೆ ಮೂವತ್ತೆಂಟು. ಸೊಂಟ ಮೂವತ್ತಾರು. ತೋಳು ಇಪ್ಪತ್ತೆರಡೂವರೆ. ಜೋಖಾ. ಎದೆ ನಲವತ್ತೆರಡು. ಸೊಂಟ ನಲವತ್ತು."

ಈಪ್ಪನ್ ಈ ಕಡೆ ತಿರುಗಿದ. ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಹತ್ತಿರ ಸರಿದು, ಅವಳಿಗೆ ಕಣ್ಣು ಮಂಜಾಗಿ ಸಾಲು ತಪ್ಪಿದಾಗಲೆಲ್ಲ ಪುಟದ ಮೇಲೆ ಬೆರಳಿಟ್ಟು ತೋರಿಸುತ್ತ ಕೂತ. ಟೇಪು ಮುಗಿದು ಗುಂಡಿ ತಾನಾಗಿ ಮೇಲೇಳುವವರೆಗೂ ಅವಳು ಓದುತ್ತಲೇ ಇದ್ದಳು. ಆಮೇಲೆ ಕ್ಯಾಸೆಟ್ ಮಗ್ಗುಲು ಬದಲಿಸಿ ಹಾಕಿದಳು.